ಹೊಳೆಯೊಳಗಿನ ಲಿಂಗಗಳು: ಶಾಲ್ಮಲೆಯಿಂದ ಖ್ಮೇರರ ನಾಡಿಗೆ

ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು ಹದಿನೈದು ಕಿಲೋಮೀಟರ್ ಸಾಗಿ, ಒಳದಾರಿ ಹಿಡಿದರೆ ಶಾಲ್ಮಲಾ ಹೊಳೆಯ ದಂಡೆ ಸಿಗುತ್ತದೆ. ಇಲ್ಲಿ ಹೊಳೆ ಬಂಡೆಗಳ ನಡುವೆ ಹರಡಿಕೊಂಡು ಹರಿಯುತ್ತದೆ. ಮಳೆಗಾಲ ಕಳೆದು ನೀರು ಇಳಿದಂತೆ ಒಂದೊಂದೇ ಬಂಡೆ ತಲೆ ಎತ್ತುತ್ತದೆ, ಅದರ ಮೈಮೇಲೆ ಲಿಂಗ, ಲಿಂಗದ ಎದುರಿಗೆ ಬಸವ. ಇದೇ ಸಹಸ್ರಲಿಂಗ. ಇಲ್ಲಿ ಗೋಪುರವಿಲ್ಲ, ಗರ್ಭಗುಡಿಯಿಲ್ಲ, ಬಾಗಿಲೂ ಇಲ್ಲ. ದೇವರನ್ನು ಕಲ್ಲಿನ ಮನೆಯೊಳಗೆ ಕೂರಿಸದೆ ಹರಿಯುವ ನೀರಿನಲ್ಲೇ ಕೂರಿಸಿದ ಸ್ಥಳವಿದು. ಭಾರತದಲ್ಲಿ ಇಂಥವು ವಿರಳ. ಇದಕ್ಕೆ ತೀರ ಹತ್ತಿರದ ಹೋಲಿಕೆ ಇರುವುದು ಸಮುದ್ರದಾಚೆ, ಕಂಬೋಡಿಯಾದ ಕುಲೇನ್ ಬೆಟ್ಟದಲ್ಲಿ.

ಸಹಸ್ರಲಿಂಗದ ಬಂಡೆಗಳನ್ನು ಮೇಲಿನಿಂದ ಒಮ್ಮೆ ನೋಡಿ ಹಿಂದಿರುಗುವವರಿಗೆ ಕಾಣುವುದು ಒಂದಿಷ್ಟು ದೊಡ್ಡ ಲಿಂಗಗಳು ಮಾತ್ರ. ಒಂದೇ ಬಂಡೆಯ ಬಳಿ ಕುಳಿತು ನೋಡಿದರೆ ಕೆಲಸದ ಕ್ರಮ ತಿಳಿಯುತ್ತದೆ. ಕೆತ್ತುವವನು ಬಂಡೆಯನ್ನು ಕಡಿದು ಸಮತಟ್ಟು ಮಾಡಿಲ್ಲ. ಅದು ಮಲಗಿದ್ದ ಭಂಗಿಯಲ್ಲೇ ಅದರ ನೆತ್ತಿಯನ್ನು ಆರಿಸಿಕೊಂಡಿದ್ದಾನೆ. ಸುತ್ತಲಿನ ಕಲ್ಲನ್ನು ತೆಗೆದು ಪಾಣಿಪೀಠವನ್ನು ಉಬ್ಬಿಸಿದ್ದಾನೆ, ಅದರ ನಡುವೆ ಗಿಡ್ಡನೆಯ ಲಿಂಗವನ್ನು ಬಿಟ್ಟಿದ್ದಾನೆ, ಅಭಿಷೇಕದ ನೀರು ಇಳಿಯಲು ಒಂದು ಕಡೆಗೆ ಚಾಚಿದ ಮೂತಿ. ತುಸು ದೂರದಲ್ಲಿ ಅದೇ ಬಂಡೆಯಿಂದ ಎದ್ದ ಬಸವ, ಕಾಲು ಮಡಿಸಿ ಲಿಂಗದ ಕಡೆ ಮುಖ ಮಾಡಿದೆ. ಎಷ್ಟೋ ಬಸವಗಳ ಕೋಡು, ಮೂತಿ ಸವೆದು ನುಣ್ಣಗಾಗಿವೆ. ಕೊರಳಿನ ಸರ ಮಾತ್ರ ಕೈಯಾಡಿಸಿದರೆ ತಿಳಿಯುತ್ತದೆ. ಗಾತ್ರಕ್ಕೆ ಲೆಕ್ಕವಿಲ್ಲ. ಕೆಲವು ಅಂಗೈಯಗಲ, ಕೆಲವು ಆಳು ಅಪ್ಪಿಕೊಳ್ಳುವಷ್ಟು. ಸಾವಿರ ಎಂಬುದು ಎಣಿಸಿ ಹೇಳಿದ ಸಂಖ್ಯೆಯಲ್ಲ, ಸಂಕಲ್ಪದ ಸಂಖ್ಯೆ.

ಇವನ್ನು ಮಾಡಿಸಿದವನು ಸೋದೆಯ ಅರಸು ಸದಾಶಿವರಾಯನೆಂದೂ, ಕಾಲ ಹದಿನೇಳನೆಯ ಶತಮಾನದ ಕೊನೆಯ ಭಾಗವೆಂದೂ ರೂಢಿಯಲ್ಲಿದೆ. ಸೋದೆ ಇಲ್ಲಿಂದ ಕೂಗಳತೆಯಲ್ಲದಿದ್ದರೂ ಹತ್ತಿರವೇ. ಸೋದೆಯ ನಾಯಕರು ಮೊದಲು ವಿಜಯನಗರದ ಸಾಮಂತರು. ಹಂಪಿಯ ತುಂಗಭದ್ರೆಯ ದಂಡೆಯಲ್ಲೂ ಬಂಡೆಯ ಮೈಮೇಲೆ ಸಾಲುಸಾಲಾಗಿ ಕೊರೆದ ಲಿಂಗಗಳಿವೆ, ಅವನ್ನು ಕೋಟಿಲಿಂಗ ಎನ್ನುತ್ತಾರೆ. ಮಲೆನಾಡಿನ ಈ ಸಣ್ಣ ಅರಸೊತ್ತಿಗೆಗೆ ಮಾದರಿ ಅಲ್ಲಿಂದ ಬಂದಿರಬಹುದು ಎಂಬ ಊಹೆಗೆ ಇಷ್ಟು ಆಧಾರ ಸಾಕು. ಗುಜರಾತಿನ ಪಾಟಣದಲ್ಲಿ ಸಿದ್ಧರಾಜ ಜಯಸಿಂಹ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆಯ ಹೆಸರೂ ಸಹಸ್ರಲಿಂಗವೇ. ಆದರೆ ಅಲ್ಲಿ ಲಿಂಗಗಳಿದ್ದದ್ದು ದಂಡೆಯ ಗುಡಿಗಳಲ್ಲಿ. ಹರಿವ ನೀರಿನ ಪಾತ್ರದಲ್ಲೇ ಲಿಂಗ ಬಿಡಿಸುವುದು ಬೇರೆಯೇ ಧೈರ್ಯದ ಕೆಲಸ. ವರ್ಷಕ್ಕೆ ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದ ದೇವರು ಅದು. ಆ ನಾಲ್ಕು ತಿಂಗಳೂ ಅಭಿಷೇಕ ನಿಲ್ಲುವುದಿಲ್ಲ. ಅದನ್ನು ಹೊಳೆಯೇ ನಡೆಸುತ್ತದೆ.

ಕುಲೇನ್ ಬೆಟ್ಟದ ತೊರೆ

ಕಂಬೋಡಿಯಾದ ಸಿಯೆಮ್ ರೀಪ್ ಪಟ್ಟಣದಿಂದ ಈಶಾನ್ಯಕ್ಕೆ ಐವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಕ್ಬಾಲ್ ಸ್ಪಿಯನ್ ಎಂಬ ಜಾಗವಿದೆ. ವಾಹನ ನಿಲ್ಲುವಲ್ಲಿಂದ ಕಾಡಿನ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಏರಬೇಕು. ಬೇರು ಹಿಡಿದು ಹತ್ತುವ ಒಂದೆರಡು ಕಡೆ ಬಿಟ್ಟರೆ, ಸೊಪ್ಪಿನಬೆಟ್ಟ ಹತ್ತಿ ರೂಢಿಯಿರುವ ಶಿರಸಿ ಕಡೆಯವರಿಗೆ ಇದೇನೂ ಕಷ್ಟದ ಏರಲ್ಲ. ಮೇಲೆ ಮರಳುಗಲ್ಲಿನ ಹಾಸಿನ ಮೇಲೆ ತೆಳ್ಳಗೆ ಹರಿಯುವ ತೊರೆ. ಆ ಹಾಸಿನ ತುಂಬ ಲಿಂಗಗಳು. ಶಾಲ್ಮಲೆಯಲ್ಲಿ ಒಂದೊಂದು ಲಿಂಗಕ್ಕೂ ತನ್ನದೇ ಬಂಡೆ, ತನ್ನದೇ ಬಸವ ಇದ್ದರೆ ಇಲ್ಲಿ ಅವು ಒತ್ತೊತ್ತಾಗಿ, ಗೆರೆ ಎಳೆದಂತೆ ಸಾಲಾಗಿವೆ. ಒಂದೊಂದೂ ಅಂಗೈಯಷ್ಟೇ ದೊಡ್ಡದು. ಅವುಗಳ ನಡುವೆ ಚೌಕಾಕಾರದ ಪಾಣಿಪೀಠಗಳು. ನೀರಿನ ಮಟ್ಟದಲ್ಲೇ ಶೇಷನ ಮೇಲೆ ಒರಗಿದ ವಿಷ್ಣು, ಅವನ ನಾಭಿಯಿಂದ ಎದ್ದ ಕಮಲದಲ್ಲಿ ಬ್ರಹ್ಮ. ಶೈವ, ವೈಷ್ಣವ ಎಂಬ ಬೇಲಿ ಆ ತೊರೆಯಲ್ಲಿಲ್ಲ.

ಕೆತ್ತನೆ ಶುರುವಾದದ್ದು ಕಂಬೋಡಿಯಾದ ಖ್ಮೇರ ಅರಸ ಒಂದನೆಯ ಸೂರ್ಯವರ್ಮನ ಕಾಲದಲ್ಲಿ, ಮುಂದುವರಿದು ಬಹುಮಟ್ಟಿಗೆ ಮುಗಿದದ್ದು 1050ರಿಂದ 1066ರವರೆಗೆ ಆಳಿದ ಎರಡನೆಯ ಉದಯಾದಿತ್ಯವರ್ಮನ ಕಾಲದಲ್ಲಿ. ಅಂದರೆ ಶಾಲ್ಮಲೆಯ ಲಿಂಗಗಳಿಗಿಂತ ಆರು ನೂರು ವರ್ಷ ಹಳೆಯವು. ಹೊರಜಗತ್ತಿಗೆ ಈ ಜಾಗ ಗೊತ್ತಾದದ್ದು 1969ರಲ್ಲಿ, ಜಾನ್ ಬೂಲ್ಬೆ ಎಂಬ ಫ್ರೆಂಚ್ ಜನಾಂಗಶಾಸ್ತ್ರಜ್ಞನಿಂದ. ಅದರ ಬೆನ್ನಿಗೇ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಎರಡು ದಶಕ ಯಾರೂ ಸುಳಿಯುವಂತಿರಲಿಲ್ಲ. ಆ ಗದ್ದಲದ ನಡುವೆ ಮತ್ತು ಆಮೇಲೆಯೂ ಕಳ್ಳರು ಕೆಲವು ಉಬ್ಬುಶಿಲ್ಪಗಳ ಮುಖಗಳನ್ನು ಕಡಿದೊಯ್ದರು. ಖಾಲಿ ಬಿದ್ದ ಜಾಗ ಈಗಲೂ ಕಣ್ಣಿಗೆ ಹೊಡೆಯುತ್ತದೆ.

ನೀರಿನಲ್ಲಿ ಲಿಂಗ ಏಕೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸ್ಪಷ್ಟವಾಗಿ ಸಿಗುತ್ತದೆ. ಕುಲೇನ್ ಬೆಟ್ಟದ ನೀರು ಸಿಯೆಮ್ ರೀಪ್ ನದಿಯಾಗಿ ಬಯಲಿಗೆ ಇಳಿಯುತ್ತದೆ, ರಾಜಧಾನಿ ಅಂಗ್ಕೋರನ್ನು ಹಾಯ್ದು ಮುಂದಿನ ದೊಡ್ಡ ಸರೋವರ ಸೇರುತ್ತದೆ. ಅರಸರು ಕಟ್ಟಿಸಿದ ಕಂದಕಗಳಿಗೂ ವಿಶಾಲ ಕೆರೆಗಳಿಗೂ ಇದೇ ಬೆಟ್ಟದ ನೀರು. ಪಶ್ಚಿಮ ಬರಾಯ್ ಎಂಬ ಕೆರೆಯೊಂದೇ ಎಂಟು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರಿಗೂ ಮಿಕ್ಕಿ ಅಗಲ. ಲಿಂಗಗಳನ್ನು ಸವರಿ ಬಂದ ನೀರು ಗದ್ದೆಗೂ ಊರಿಗೂ ತೀರ್ಥವಾಗಿ ತಲುಪಬೇಕು ಎಂಬುದು ಕೆತ್ತಿಸಿದವರ ಆಶಯ. ಕುಲೇನ್ ಅವರ ಪಾಲಿಗೆ ಮಹೇಂದ್ರಪರ್ವತ. 802ರಲ್ಲಿ ಎರಡನೆಯ ಜಯವರ್ಮ ಚಕ್ರವರ್ತಿಯಾಗಿ ಅಭಿಷಿಕ್ತನಾದದ್ದು ಅಲ್ಲಿ ಎಂದು ಸ್ಡೊಕ್ ಕಾಕ್ ಥೋಮ್ ಶಾಸನ ಹೇಳುತ್ತದೆ. ಬೆಟ್ಟದ ಮೇಲೆ ಕಾಡು ಮುಚ್ಚಿದ್ದ ಮಹೇಂದ್ರಪರ್ವತ ನಗರದ ಬೀದಿಗಳ ನಕ್ಷೆ ಸ್ಪಷ್ಟವಾಗಿ ಹೊರಬಿದ್ದದ್ದು 2012ರಲ್ಲಿ, ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲವನ್ನು ಅಳೆದಾಗ.

ಶಾಲ್ಮಲೆಗೂ ಇದೇ ಅರ್ಥ ಹೊಂದುತ್ತದೆ ಎಂದು ತೋರುತ್ತದೆ. ಅದು ಮುಂದೆ ಬೇಡ್ತಿಯನ್ನು ಕೂಡುತ್ತದೆ. ಬೇಡ್ತಿ ಗಂಗಾವಳಿಯೆಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ದಂಡೆಯುದ್ದಕ್ಕೂ ಅಡಿಕೆ ತೋಟ, ಗದ್ದೆ. ತೋಟದ ಕಾದಿಗೆಗೆ ಬರುವ ನೀರು ಸಾವಿರ ಲಿಂಗಗಳ ಮೇಲಿಂದ ಹಾದು ಬಂದದ್ದು ಎಂಬ ನಂಬಿಕೆ ಇಲ್ಲಿಯ ಹಿರಿಯರಲ್ಲಿ ಇನ್ನೂ ಉಳಿದಿದೆ. ಕಂಬೋಡಿಯಾದವರಿಂದ ಸೋದೆಯವರು ಕಲಿತರು ಎನ್ನಲು ಯಾವ ಪುರಾವೆಯೂ ಇಲ್ಲ, ಹಾಗೆ ಕಲ್ಪಿಸಿಕೊಳ್ಳುವ ಅಗತ್ಯವೂ ಇಲ್ಲ. ಮೂಲ ಒಂದೇ ಇದ್ದು, ಶೈವ ಆಚಾರ್ಯರು ಅದನ್ನು ಎರಡೂ ಕಡೆಗೆ ಒಯ್ದಿರಬಹುದು. ಏಳನೆಯ ಶತಮಾನದ ಖ್ಮೇರ ಶಾಸನಗಳಲ್ಲೇ ಪಾಶುಪತ ಶೈವರ ಉಲ್ಲೇಖವಿದೆ. ಅವರ ಬಳಗಕ್ಕೆ ಸೇರಿದ ಕಾಳಾಮುಖರು ಬನವಾಸಿ ನಾಡಿನ ಬಳ್ಳಿಗಾವೆಯಲ್ಲಿ ಕೋಡಿಯಮಠವನ್ನು ನಡೆಸಿದರು.

ಬನವಾಸಿಯ ಐದು ಹೆಡೆ

ಶಿರಸಿಯಿಂದ ಬನವಾಸಿಗೆ ಇಪ್ಪತ್ತಮೂರು ಕಿಲೋಮೀಟರ್ ಆಸುಪಾಸು. ವರದಾ ನದಿ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಅಂಗ್ಕೋರ್ ವಾಟ್ ಕಟ್ಟುವ ಹೊತ್ತಿಗೆ ಬನವಾಸಿ ಸಾವಿರ ವರ್ಷ ಮೀರಿದ ಹಳೆಯ ಊರು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಬೌದ್ಧ ಭಿಕ್ಷು ವನವಾಸಕ್ಕೆ ಧರ್ಮಪ್ರಚಾರಕ್ಕೆ ಬಂದನೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಗ್ರೀಕ್ ಭೂಗೋಳಜ್ಞ ಟಾಲೆಮಿಗೂ ಈ ಊರಿನ ಹೆಸರು ಗೊತ್ತಿತ್ತು. ನಾಲ್ಕನೆಯ ಶತಮಾನದ ನಡುವೆ ಮಯೂರಶರ್ಮ ಇದನ್ನು ಕದಂಬರ ರಾಜಧಾನಿ ಮಾಡಿದ.

ಮಧುಕೇಶ್ವರ ದೇವಾಲಯವನ್ನು ಒಂದು ಕಾಲದ ಕಟ್ಟಡ ಎಂದುಕೊಂಡು ಒಳಹೊಕ್ಕರೆ ನೋಟ ತಪ್ಪುತ್ತದೆ. ಅದು ಪದರ ಪದರವಾಗಿ ಬೆಳೆದದ್ದು. ಗರ್ಭಗುಡಿ ಬೋಳಾಗಿದೆ, ಕಂಬಗಳು ದಪ್ಪ, ಕೆತ್ತನೆ ಕಡಿಮೆ. ಇದು ಹಳೆಯ ಭಾಗ. ಮುಂದಿನ ಮಂಟಪದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಡೆದ ಕಂಬಗಳು, ಮುಖ ಕಾಣುವಷ್ಟು ನಯಗೊಳಿಸಿದ ಮೈ. ಪ್ರಾಕಾರದ ಸುತ್ತ ಅಷ್ಟದಿಕ್ಪಾಲಕರು. ಆಮೇಲೆ ಸೋದೆಯ ಅರಸರ ಸೇರ್ಪಡೆಗಳು, ಅವುಗಳಲ್ಲಿ ಕಲ್ಲಿನ ಮಂಚ ಎಲ್ಲರ ಕಣ್ಣು ಸೆಳೆಯುವಂಥದ್ದು. ಮರದ ಮಂಚದಲ್ಲಿ ಬಡಗಿ ಏನೇನು ಮಾಡುತ್ತಾನೋ ಅದಷ್ಟನ್ನೂ ಶಿಲ್ಪಿ ಕಲ್ಲಿನಲ್ಲಿ ಮಾಡಿದ್ದಾನೆ. ತ್ರಿಲೋಕ ಮಂಟಪದಲ್ಲಿ ಸ್ವರ್ಗ, ಭೂಮಿ, ಪಾತಾಳಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆ. ಬಗ್ಗಿ ನೋಡದವರಿಗೆ ಪಾತಾಳ ಕಾಣುವುದೇ ಇಲ್ಲ.

ಆದರೆ ಬನವಾಸಿಗೆ ಹೋದವರು ಕಡ್ಡಾಯವಾಗಿ ನಿಂತು ನೋಡಬೇಕಾದದ್ದು ಇವಾವುದೂ ಅಲ್ಲ, ಆವರಣದಲ್ಲಿರುವ ನಾಗಶಿಲೆ. ಐದು ಹೆಡೆಯ ಸರ್ಪ ಸುರುಳಿ ಸುತ್ತಿ ಎದ್ದು ನಿಂತಿದೆ. ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ. ಚುಟು ವಂಶದ ಅರಸನೊಬ್ಬನ ಆಳ್ವಿಕೆಯಲ್ಲಿ, ಅವನ ಮಗಳು ಶಿವಸ್ಕಂದನಾಗಶ್ರೀ ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನ ಮಾಡಿದಳೆಂದು ಅದು ತಿಳಿಸುತ್ತದೆ. ಕೆತ್ತಿದವನ ಹೆಸರನ್ನೂ ಬಿಟ್ಟಿಲ್ಲ: ನಟಕ. ಕದಂಬರು ಹುಟ್ಟುವುದಕ್ಕೂ ಮೊದಲು ಬನವಾಸಿಯ ಒಬ್ಬ ಹೆಣ್ಣುಮಗಳು ಕೆರೆ ಕಟ್ಟಿಸಿದ್ದೂ, ಒಬ್ಬ ಕಲ್ಲುಕುಟಿಗ ಹೆಸರು ಕೆತ್ತಿಕೊಂಡದ್ದೂ ಈ ಒಂದು ಕಲ್ಲಿನಿಂದ ತಿಳಿಯುತ್ತದೆ. ಅಂಗ್ಕೋರಿನ ಅಷ್ಟು ಅಗಾಧ ಕಟ್ಟಡಗಳಲ್ಲಿ ಶಿಲ್ಪಿಗಳ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ನಾಗ ಖ್ಮೇರರಿಗೂ ಕುಲಮೂಲ. ಕೌಂಡಿನ್ಯನೆಂಬ ಬ್ರಾಹ್ಮಣ ಕಡಲು ದಾಟಿ ಬಂದು ನಾಗಕನ್ಯೆ ಸೋಮಾಳನ್ನು ಮದುವೆಯಾದದ್ದರಿಂದ ತಮ್ಮ ಅರಸು ಮನೆತನ ಹುಟ್ಟಿತೆಂದು ಅವರ ಐತಿಹ್ಯ. ಅದಕ್ಕೇ ಅಲ್ಲಿ ದೇವಾಲಯದ ದಾರಿಯ ಎರಡೂ ಬದಿಗೆ ಕಲ್ಲಿನ ಹಾವು ಕಟಕಟೆಯಾಗಿ ಚಾಚಿಕೊಂಡಿರುತ್ತದೆ. ಅಂಗ್ಕೋರ್ ಥೋಮ್ ಕೋಟೆಯ ಬಾಗಿಲಿನ ಸೇತುವೆಯಲ್ಲಿ ಒಂದು ಕಡೆ 54 ದೇವತೆಗಳು, ಇನ್ನೊಂದು ಕಡೆ 54 ಅಸುರರು ಆ ಹಾವನ್ನು ಹಿಡಿದು ಕಡಲು ಕಡೆಯುತ್ತಿದ್ದಾರೆ. ಇದೇ ಸಮುದ್ರಮಥನ ಅಂಗ್ಕೋರ್ ವಾಟ್‌ನ ಪೂರ್ವದ ಮೊಗಸಾಲೆಯಲ್ಲಿ 49 ಮೀಟರ್ ಉದ್ದದ ಉಬ್ಬುಶಿಲ್ಪವಾಗಿದೆ. ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದ ಕನ್ನಡಿಗನಿಗೆ ಅದನ್ನು ಓದಲು ಗೈಡಿನ ಅಗತ್ಯ ಬೀಳುವುದಿಲ್ಲ. ರಾಮ ರಾವಣರ ಯುದ್ಧ, ಕುರುಕ್ಷೇತ್ರ, ಬಾಣಾಸುರನ ಪ್ರಸಂಗ, ಎಲ್ಲವೂ ಗುರುತಿನವೇ. ಗೈಡ್ ಬೇಕಾಗುವುದು ಖ್ಮೇರ ಅರಸ ಎರಡನೆಯ ಸೂರ್ಯವರ್ಮನ ಮೆರವಣಿಗೆಯ ಬಳಿ, ಯಾರು ಯಾವ ದಂಡನಾಯಕ ಎಂದು ತಿಳಿಯಲು.

ಎರಡೂ ನಾಡುಗಳ ಶಾಸನಗಳಲ್ಲೂ ಒಂದು ಸಾಮ್ಯ ಎದ್ದು ಕಾಣುತ್ತದೆ. ಅರಸನನ್ನು ಹೊಗಳಲು ಸಂಸ್ಕೃತ, ದಾನದ ನೆಲ, ಎಲ್ಲೆ, ಆಳುಕಾಳುಗಳ ಲೆಕ್ಕಕ್ಕೆ ನಾಡಿನ ಭಾಷೆ. ಕಾಲ ಗೊತ್ತಾದ ಖ್ಮೇರ ಭಾಷೆಯ ಮೊದಲ ಶಾಸನ 611ರದು. ಅಷ್ಟು ಹೊತ್ತಿಗೆ ಕನ್ನಡ ಹಲ್ಮಿಡಿಯ ಕಲ್ಲಿನ ಮೇಲೆ ಬಂದು ಒಂದೂವರೆ ಶತಮಾನ ಕಳೆದಿತ್ತು. ತಾಳಗುಂದದ ಸ್ತಂಭಶಾಸನದ ಪ್ರಕಾರ ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋಗಿ, ಅಲ್ಲಿ ಪಲ್ಲವರ ರಾವುತನಿಂದ ಅವಮಾನಗೊಂಡು ಕತ್ತಿ ಹಿಡಿದ. ಅದೇ ಪಲ್ಲವರ ಕರಾವಳಿಯಿಂದ ಹಡಗು ಏರಿದ ಲಿಪಿ ಖ್ಮೇರ ಅಕ್ಷರಮಾಲೆಗೆ ತಾಯಿಯಾಯಿತು. ಕಾಕುಸ್ಥವರ್ಮ, ರವಿವರ್ಮ ಎಂದು ಕದಂಬರು ಇಟ್ಟುಕೊಂಡ ಹಾಗೆ ಅಲ್ಲಿಯವರೂ ಭವವರ್ಮ, ಜಯವರ್ಮ, ಸೂರ್ಯವರ್ಮ ಎಂದು ಇಟ್ಟುಕೊಂಡರು. ಈ ರವಿವರ್ಮನ ಶಾಸನಸ್ತಂಭ ಬನವಾಸಿಯ ಮಗ್ಗುಲಿನ ಗುಡ್ನಾಪುರದ ಕೆರೆಯ ಬಳಿ ಸಿಕ್ಕಿತು. ಅರಮನೆಯ ಪಕ್ಕದಲ್ಲಿ ಮನ್ಮಥನಿಗೊಂದು ಆಲಯ ಕಟ್ಟಿಸಿದ ಸಂಗತಿ ಅದರಲ್ಲಿದೆ. ಬನವಾಸಿಗೆ ಬಂದವರಲ್ಲಿ ಗುಡ್ನಾಪುರಕ್ಕೆ ಹೋಗುವವರು ತೀರ ಕಡಿಮೆ. ಇದು ಬದಲಾಗಬೇಕು.

ಸಮಯವಿದ್ದರೆ ಶಿರಾಳಕೊಪ್ಪದ ಕಡೆಗೆ ಹೊರಟು ತಾಳಗುಂದ, ಬಳ್ಳಿಗಾವೆಗಳನ್ನು ಒಂದೇ ಸುತ್ತಿನಲ್ಲಿ ನೋಡಬಹುದು. ಬಳ್ಳಿಗಾವೆಯ ಕೇದಾರೇಶ್ವರದ 1162ರ ಶಾಸನ ಕೋಡಿಯಮಠದ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಒಂದು ಕಡೆ. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ ಇನ್ನೊಂದು ಕಡೆ. ಇಪ್ಪತ್ತು ಚಿಲ್ಲರೆ ವರ್ಷಗಳ ಬಳಿಕ, 1186ರಲ್ಲಿ, ಏಳನೆಯ ಜಯವರ್ಮ ತಾಯಿಯ ಹೆಸರಿನಲ್ಲಿ ಪ್ರತಿಷ್ಠಾಪಿಸಿದ ತಾ ಪ್ರೋಮ್‌ನ ಶಾಸನ ಅವನ ರಾಜ್ಯದಲ್ಲಿ 102 ಆಸ್ಪತ್ರೆಗಳಿದ್ದುವೆಂದು ಹೇಳುತ್ತದೆ. ಗುಡಿ ಎಂದರೆ ಪೂಜೆಯ ಜಾಗವಷ್ಟೇ ಎಂದುಕೊಂಡ ಪ್ರವಾಸಿಗೆ ಈ ಎರಡು ಶಾಸನಗಳು ಕಣ್ಣು ತೆರೆಸುತ್ತವೆ.

ಸೋದೆ, ಬಿಳಗಿ ಮತ್ತು ಕೆಂಪು ಕಲ್ಲು

ಸೋದೆಗೆ ಹೋಗುವವರಲ್ಲಿ ಹೆಚ್ಚಿನವರು ವಾದಿರಾಜ ಮಠಕ್ಕೆ ಹೋಗುವವರು. ಸೋದೆಯ ಅರಸ ಅರಸಪ್ಪ ನಾಯಕನ ಆದರದಿಂದ ವಾದಿರಾಜರು ಇಲ್ಲಿ ನೆಲೆಸಿ, 1600ರಲ್ಲಿ ವೃಂದಾವನಸ್ಥರಾದರು. ತ್ರಿವಿಕ್ರಮ ದೇವಾಲಯ ಅವರ ಕಾಲದ್ದು. ಅದೇ ಸೋದೆಯಲ್ಲಿ ಸ್ವಾದಿಯ ಜೈನ ಮಠವಿದೆ, ಹವ್ಯಕರ ಸ್ವರ್ಣವಲ್ಲೀ ಮಠವೂ ಇದೇ ಪರಿಸರದಲ್ಲಿದೆ. ಮಾಧ್ವ, ಜೈನ, ಸ್ಮಾರ್ತ ಮೂರೂ ಪೀಠಗಳಿಗೆ ಆಶ್ರಯ ಕೊಟ್ಟ ಊರಿನ ಅರಸನೇ ಹೊಳೆಯಲ್ಲಿ ಲಿಂಗ ಕೆತ್ತಿಸಿದ. ಕೋಟೆಯ ಅವಶೇಷ, ಮುತ್ತಿನಕೆರೆಯ ವೆಂಕಟರಮಣ ದೇವಾಲಯಗಳನ್ನು ನೋಡಲು ಅರ್ಧ ದಿನ ಬೇಕು. ಮಳೆಗಾಲದ ಮೊದಲಲ್ಲಿ ಬಂದರೆ ಮುಂಡಿಗೆಕೆರೆಯ ಗಿಡಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವುದನ್ನೂ ಕಾಣಬಹುದು.

ಹೈದರಾಲಿಯ ದಾಳಿಯಿಂದ ಹದಿನೆಂಟನೆಯ ಶತಮಾನದ ಏಳನೆಯ ದಶಕದಲ್ಲಿ ಸೋದೆ ಬಿದ್ದಿತು, ಅರಸು ಮನೆತನ ಗೋವೆಗೆ ಹೋಯಿತು. 1801ರಲ್ಲಿ ಈ ದಾರಿಯಾಗಿ ಹಾದುಹೋದ ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಕಂಡದ್ದು ಹಾಳಾದ ನಗರವನ್ನು. ಸೋದೆ, ಶಿರಸಿ, ಬನವಾಸಿಗಳ ಬೆಳೆ, ತೋಟ, ತೆರಿಗೆಗಳ ವಿವರವನ್ನು ಬರೆದಿಟ್ಟ ಅವನು ತನ್ನ ಪ್ರವಾಸದ ಗ್ರಂಥವನ್ನು 1807ರಲ್ಲಿ ಪ್ರಕಟಿಸಿದ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕೆಂಪು ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟದ್ದು ಆ ಗ್ರಂಥದಲ್ಲೇ. ಉತ್ತರ ಕನ್ನಡದಲ್ಲಿ ಚಿರೆಕಲ್ಲು ಎಂದರೆ ಅದೇ. ಮನೆಯ ಗೋಡೆ, ಬಾವಿ, ಕೊಟ್ಟಿಗೆ ಎಲ್ಲಕ್ಕೂ ಅದು. ಖ್ಮೇರರ ಪ್ರಾಕಾರದ ಗೋಡೆಗಳೂ ದೇವಾಲಯಗಳ ಅಡಿಪಾಯವೂ ಬಹುಪಾಲು ಇದೇ ಕಲ್ಲಿನವು. ಮೇಲಿನ ನಯವಾದ ಕೆತ್ತನೆಗೆ ಮಾತ್ರ ಕುಲೇನ್ ಬೆಟ್ಟದ ಮರಳುಗಲ್ಲು. ಅಂಗ್ಕೋರಿನ ಹಿಂಬದಿಯ ಒಂದು ಗೋಡೆಯ ಎದುರು ನಿಂತ ಶಿರಸಿಯವರಿಗೆ, ಆ ತೂತು ತೂತಾದ ಕಲ್ಲಿನ ಮೇಲೆ ಹಬ್ಬಿದ ಪಾಚಿಯನ್ನು ನೋಡಿ ಮನೆಯ ಹಿತ್ತಿಲು ನೆನಪಾಗದೆ ಇರದು. ಮರಗಳ ಮಾತೂ ಹಾಗೆಯೇ. ತಾ ಪ್ರೋಮ್‌ನ ಚಾವಣಿಗಳನ್ನು ಬೇರಿನಿಂದ ಅವುಚಿ ಹಿಡಿದಿರುವ ಟೆಟ್ರಾಮೆಲಿಸ್ ಎಂಬ ಬಿಳಿಕಾಂಡದ ದೈತ್ಯ ಮರ ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುತ್ತದೆ.

ಸಿದ್ದಾಪುರದ ಬಿಳಗಿಯದು ಇನ್ನೊಂದು ಸಣ್ಣ ಅರಸೊತ್ತಿಗೆ. ಅಲ್ಲಿಯ ರತ್ನತ್ರಯ ಬಸದಿ ಹದಿನಾರನೆಯ ಶತಮಾನದ ಕೊನೆಯದು. ಕಲ್ಲಿನ ಹೊರಗೋಡೆಯ ಕೆಲಸ ಸಾವಕಾಶವಾಗಿ ನೋಡುವಂಥದ್ದು. ಊರಿನ ಗೋಲಬಾವಿಗೆ ನೆಲದಡಿಯ ಮೆಟ್ಟಿಲ ದಾರಿಯಲ್ಲಿ ಇಳಿಯಬೇಕು. ಬಿಳಗಿಯ ಅರಸರೇ ಭುವನಗಿರಿಯ ಗುಡ್ಡದ ಮೇಲೆ ಭುವನೇಶ್ವರಿಯ ದೇವಾಲಯ ಕಟ್ಟಿಸಿದರು, ಮೇಲೇರಲು ಕಲ್ಲಿನ ಮೆಟ್ಟಿಲುಗಳಿವೆ. ರಾಜ್ಯೋತ್ಸವದ ಹೊತ್ತಿಗೆ ಕನ್ನಡಾಭಿಮಾನಿಗಳು ಅಲ್ಲಿ ಸೇರುತ್ತಾರೆ. ಯಲ್ಲಾಪುರದ ಕಡೆ ಕವಡಿಕೆರೆಯ ದುರ್ಗಾ ದೇವಾಲಯ ಇದೆ. ಪ್ರಾಚೀನ ಶಿಲ್ಪಕ್ಕಿಂತ ಕೆರೆಯ ವಿಸ್ತಾರಕ್ಕೆ ಹೋಗಬೇಕಾದ ಜಾಗ ಅದು. ಶಿರಸಿ ಪೇಟೆಯಲ್ಲೇ ಇರುವ ಮಾರಿಕಾಂಬೆ ಕಲ್ಲಲ್ಲ, ಮರ. 1688ರಲ್ಲಿ ಸ್ಥಾಪನೆಯಾದ ಈ ಗುಡಿಯ ಗೋಡೆಗಳ ಮೇಲೆ ಕೆಮ್ಮಣ್ಣಿನ ಕಾವಿ ಚಿತ್ರಗಳಿವೆ. ಕರಾವಳಿಯ ಅನೇಕ ಗುಡಿಗಳಲ್ಲಿ ಬಣ್ಣ ಬಳಿದು ಅಳಿಸಿಹೋದ ಕಲೆ ಇದು, ಇಲ್ಲಿ ಉಳಿದಿರುವುದು ದೊಡ್ಡ ಭಾಗ್ಯ.

ಹೋಗುವವರಿಗೆ

ಸಹಸ್ರಲಿಂಗಕ್ಕೆ ನವೆಂಬರಿನಿಂದ ಮಾರ್ಚಿನೊಳಗೆ ಹೋಗಬೇಕು. ಅದರಲ್ಲೂ ಜನವರಿ, ಫೆಬ್ರುವರಿ ಒಳ್ಳೆಯದು, ಹೊತ್ತು ಬೆಳಗಿನದು. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ. ನೆತ್ತಿಯ ಬಿಸಿಲಿನಲ್ಲಿ ಎಲ್ಲವೂ ಬರೀ ಬಂಡೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೋದರೆ ಕಾಣುವುದು ಕೆಂಪು ನೀರು ಮಾತ್ರ, ಅಪಾಯವೂ ಹೌದು. ನೀರು ಇಳಿದ ಮೇಲೂ ಹಾವಸೆ ಕಟ್ಟಿದ ಬಂಡೆಗಳು ವಿಪರೀತ ಜಾರುತ್ತವೆ. ಹತ್ತಿರದಲ್ಲೇ ತೂಗುಸೇತುವೆಯಿದೆ, ಅದರ ಮೇಲಿನಿಂದ ಹೊಳೆಯ ಪಾತ್ರದ ಹರಹು ತಿಳಿಯುತ್ತದೆ. ಮಹಾಶಿವರಾತ್ರಿಯ ದಿನ ಸುತ್ತಲಿನ ತಾಲ್ಲೂಕುಗಳಿಂದ ಸಾವಿರಾರು ಜನ ಬಂದು ತಮ್ಮ ಕೈಯಾರೆ ಲಿಂಗಗಳಿಗೆ ನೀರೆರೆದು ಪೂಜಿಸುತ್ತಾರೆ. ಆ ದಿನ ಶಿಲ್ಪ ನೋಡಲು ಆಗದು. ಆದರೆ ಈ ಲಿಂಗಗಳನ್ನು ಯಾಕಾಗಿ ಕೆತ್ತಿದರು ಎಂಬುದು ಆ ದಿನದಷ್ಟು ಚೆನ್ನಾಗಿ ಬೇರೆ ದಿನ ತಿಳಿಯದು.

ಹುಬ್ಬಳ್ಳಿಯಿಂದ ಶಿರಸಿಗೆ ನೂರು ಕಿಲೋಮೀಟರ್ ಆಸುಪಾಸು, ಬಸ್ಸು ಧಾರಾಳ. ರೈಲಿನಲ್ಲಿ ಬರುವವರಿಗೆ ಸಿದ್ದಾಪುರದ ಕಡೆಗೆ ತಾಳಗುಪ್ಪ ಹತ್ತಿರದ ನಿಲ್ದಾಣ. ಶಿರಸಿಯಲ್ಲಿ ಉಳಿದುಕೊಂಡು ಒಂದು ದಿನ ಸಹಸ್ರಲಿಂಗ ಮತ್ತು ಸೋದೆ, ಒಂದು ದಿನ ಬನವಾಸಿ ಮತ್ತು ಗುಡ್ನಾಪುರ, ಇನ್ನೊಂದು ದಿನ ಬಿಳಗಿ, ಭುವನಗಿರಿ ಎಂದು ಇಟ್ಟುಕೊಂಡರೆ ಓಡಾಟದ ದಣಿವಿಲ್ಲದೆ ನೋಡಬಹುದು. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುವುದು ಸಾಮಾನ್ಯ. ಬನವಾಸಿಯಲ್ಲಿ ಪ್ರತಿವರ್ಷ ಸರ್ಕಾರ ನಡೆಸುವ ಕದಂಬೋತ್ಸವದ ಹೊತ್ತಿಗೆ, ಪಂಪ ಪ್ರಶಸ್ತಿ ಪ್ರದಾನವೂ ಆಗ ಇರುವುದರಿಂದ, ಊರು ಕಿಕ್ಕಿರಿಯುತ್ತದೆ. ಪಂಪ ಹಂಬಲಿಸಿದ ಬನವಾಸಿಯನ್ನು ಕಾಣಬೇಕೆಂದರೆ ಉತ್ಸವ ಮುಗಿದ ವಾರ ಹೋಗುವುದೇ ಲೇಸು.

ಕಂಬೋಡಿಯಾಕ್ಕೂ ನವೆಂಬರಿನಿಂದ ಫೆಬ್ರುವರಿಯೇ ಹದವಾದ ಕಾಲ. ಅಲ್ಲಿಯ ಮಳೆಗಾಲ ಮೇಯಿಂದ ಅಕ್ಟೋಬರ್. ಆದರೆ ಕ್ಬಾಲ್ ಸ್ಪಿಯನ್ ಮಟ್ಟಿಗೆ ನವೆಂಬರ್, ಡಿಸೆಂಬರ್ ಉತ್ತಮ. ಲಿಂಗಗಳ ಮೇಲೆ ತೆಳುನೀರು ಹರಿಯುತ್ತಿರುತ್ತದೆ, ಕೆತ್ತನೆಯೂ ಕಾಣುತ್ತದೆ. ಬೇಸಿಗೆ ಬಲಿತರೆ ತೊರೆ ಬತ್ತುತ್ತದೆ. ಬೆಂಗಳೂರಿನಿಂದ ಬ್ಯಾಂಕಾಕ್, ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಸಿಯೆಮ್ ರೀಪ್ ತಲುಪಬಹುದು. 2023ರ ಅಕ್ಟೋಬರಿನಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಪಟ್ಟಣದಿಂದ ದೂರವಿದೆ. ವೀಸಾವನ್ನು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯಬಹುದು. ಅಂಗ್ಕೋರಿನ ಟಿಕೆಟ್ 2017ರ ಪರಿಷ್ಕರಣೆಯಂತೆ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಒಂದು ದಿನದ ಟಿಕೆಟ್ ಕೊಳ್ಳುವುದು ದುಡ್ಡು ಉಳಿಸುವ ದಾರಿ ಅಲ್ಲವೇ ಅಲ್ಲ. ಮೂರು ದಿನಕ್ಕಿಂತ ಕಡಿಮೆಯಲ್ಲಿ ಏನೂ ತಲೆಗೆ ಇಳಿಯದು. ಇದೇ ಟಿಕೆಟ್ ಕ್ಬಾಲ್ ಸ್ಪಿಯನ್‌ಗೂ ದಾರಿಯಲ್ಲಿ ಸಿಗುವ ಬಾಂತೆಯ್ ಸ್ರೇಯ್‌ಗೂ ಸಲ್ಲುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ತೊಡಬೇಕು.

ಬಾಂತೆಯ್ ಸ್ರೇಯ್‌ಗೆ ಬೇರೆಯಾಗಿ ಒಂದು ಬೆಳಗನ್ನು ಮೀಸಲಿಡಬೇಕು. 967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯವನ್ನು ಕಟ್ಟಿಸಿದವನು ಅರಸನಲ್ಲ, ಯಜ್ಞವರಾಹನೆಂಬ ವಿದ್ವಾಂಸ. ಗುಲಾಬಿ ಮರಳುಗಲ್ಲಿನಲ್ಲಿ ಬೆರಳುದ್ದದ ಆಳಕ್ಕೆ ಕೊರೆದ ಕೆತ್ತನೆ ಬೇಲೂರು, ಹಳೇಬೀಡು ಕಂಡವರನ್ನೂ ನಿಲ್ಲಿಸುತ್ತದೆ. 1923ರಲ್ಲಿ ಆಂದ್ರೆ ಮಾಲ್ರೊ ಎಂಬ ಫ್ರೆಂಚ್ ತರುಣ ಇಲ್ಲಿಯ ಶಿಲ್ಪಗಳನ್ನು ಕಿತ್ತೊಯ್ದು ಸಿಕ್ಕಿಬಿದ್ದ. ಮುಂದೆ ಅವನು ದೊಡ್ಡ ಲೇಖಕನಾದ, ಫ್ರಾನ್ಸಿನ ಸಂಸ್ಕೃತಿ ಸಚಿವನೂ ಆದ. ಶಿಲ್ಪಗಳು ಅವುಗಳ ಜಾಗಕ್ಕೆ ಮರಳಿದವು ಎಂಬುದು ಸಮಾಧಾನ.

ಕಾಪಾಡುವ ವಿಷಯದಲ್ಲಿ ಎರಡು ನಾಡುಗಳ ದಾರಿ ಬೇರೆ ಬೇರೆ. ಅಂಗ್ಕೋರ್ 1992ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು, ಹಲವು ದೇಶಗಳು ಅಲ್ಲಿ ದುರಸ್ತಿಗೆ ಕೈ ಜೋಡಿಸಿವೆ. ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆ 1986ರಿಂದ 1993ರವರೆಗೆ, ಬೇರೆಯವರು ಕಾಲಿಡಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಅಂಗ್ಕೋರ್ ವಾಟ್‌ನಲ್ಲಿ ಕೆಲಸ ಮಾಡಿತು. ಆಮೇಲೆ ತಾ ಪ್ರೋಮ್‌ನ ಹೊಣೆ ಹೊತ್ತಿತು. ಅದೇ ಇಲಾಖೆಯ ರಕ್ಷಣೆಯಲ್ಲಿ ಬನವಾಸಿಯ ಮಧುಕೇಶ್ವರವಿದೆ. ಸಹಸ್ರಲಿಂಗದ ಕಥೆ ಹಾಗಲ್ಲ. ಗೋಡೆಯಿಲ್ಲದ ಆ ಜಾಗಕ್ಕೆ ಬೀಗ ಹಾಕಲು ಬರುವುದಿಲ್ಲ. ಬಂದವರು ಲಿಂಗದ ಮೇಲೆ ಚಪ್ಪಲಿ ಹಾಕಿ ನಿಲ್ಲುತ್ತಾರೆ, ಬಂಡೆಯ ಮೇಲೆ ಅಡುಗೆ ಮಾಡುತ್ತಾರೆ, ಪ್ಲಾಸ್ಟಿಕ್ ತಟ್ಟೆ, ಬಾಟಲಿಗಳನ್ನು ನೀರಿಗೆ ಬಿಡುತ್ತಾರೆ, ಪೂಜೆಯ ಎಣ್ಣೆ ಅರಿಸಿನ ಕಲ್ಲಿನ ಮೈಗೆ ಅಂಟಿ ಉಳಿಯುತ್ತವೆ. ಮುನ್ನೂರು ವರ್ಷ ಹೊಳೆ ಸವೆಸಿದ್ದಕ್ಕಿಂತ ಹೆಚ್ಚನ್ನು ಕೆಲವೇ ವರ್ಷಗಳ ಕಾಲ್ತುಳಿತ ಸವೆಸೀತು. ಕ್ಬಾಲ್ ಸ್ಪಿಯನ್‌ನಲ್ಲಿರುವಂತೆ ಹಗ್ಗ ಕಟ್ಟಿ ದಾರಿ ಗೊತ್ತುಮಾಡುವುದೂ, ಶಿವರಾತ್ರಿಯ ಪೂಜೆಗೆ ಕೆಲವು ಬಂಡೆಗಳನ್ನು ಬಿಟ್ಟುಕೊಟ್ಟು ಉಳಿದವನ್ನು ನೋಟಕ್ಕಷ್ಟೇ ಇಡುವುದೂ ಕಷ್ಟದ ಕೆಲಸವೇನಲ್ಲ.

ಇನ್ನೊಂದು ಆತಂಕ ನೀರಿನದೇ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಶಿರಸಿ, ಯಲ್ಲಾಪುರದ ತೋಟಿಗರು 1980ರ ಆಸುಪಾಸಿನಲ್ಲಿ ಅಂಕಿ ಅಂಶ ಮುಂದಿಟ್ಟು ಪ್ರಶ್ನಿಸಿ ತಡೆದರು. ಈಗ ಬೇಡ್ತಿ ಕಣಿವೆಯ ನೀರನ್ನು ವರದೆಗೆ ತಿರುಗಿಸುವ ನದಿಜೋಡಣೆಯ ಪ್ರಸ್ತಾವವಿದೆ. ಶಾಲ್ಮಲಾ ಹಳ್ಳವೂ ಅದರ ಲೆಕ್ಕದಲ್ಲಿ ಸೇರಿದೆ. ಸ್ವರ್ಣವಲ್ಲೀ ಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಇದಕ್ಕೆ ಮಲೆನಾಡಿನ ಜನ ವಿರೋಧ ಸೂಚಿಸುತ್ತ ಬಂದಿದ್ದಾರೆ, ಬಯಲುಸೀಮೆಯ ಹಾವೇರಿ ಕಡೆಯವರಿಗೆ ನೀರು ಬೇಕಾಗಿದೆ. ಚರ್ಚೆಯಲ್ಲಿ ಕಾಡು, ಮೀನು, ತೋಟ, ಕುಡಿಯುವ ನೀರು ಎಲ್ಲವೂ ಬರುತ್ತವೆ. ಸಹಸ್ರಲಿಂಗವೂ ಬರಬೇಕು. ಹೊಳೆಯ ಹರಿವು ಕುಂದಿದರೆ ಲಿಂಗಗಳು ಬಂಡೆಯ ಮೇಲೆ ಹಾಗೆಯೇ ಉಳಿದಾವು, ಆದರೆ ಅವುಗಳ ಮೇಲೆ ಮಳೆಗಾಲವಿಡೀ ನಡೆಯುವ ಅಭಿಷೇಕ ಮೊದಲಿನಂತೆ ನಡೆಯುವುದಿಲ್ಲ. ಲಿಂಗಗಳನ್ನು ಗುಡಿಯಲ್ಲಿಡದೆ ಹೊಳೆಯಲ್ಲಿ ಕೆತ್ತಿಸಿದ್ದು ಆ ನೀರಿಗಾಗಿ.